ಎಂಜಿಬಿ ಜಿಟಿ ತೂಕ ಇಳಿಸಬೇಕು, ಎಲ್ಲಿಂದ ಶುರು ಮಾಡ್ಲಿ?

ದಾವಣಗೆರೆ_ಟು_ಕವೆಂಟ್ರಿ
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಸುಮ್ನೆ ಓದ್ಕೊಂಡಿದ್ದೆ, ಬರೀತಿರೋದು ಇದೇ ಮೊದಲು. 1971ರ ಎಂಜಿಬಿ ಜಿಟಿ ತಗೊಂಡಿದೀನಿ, ಇಂಗ್ಲೆಂಡಿನ ಎಂಜಿ ಕಂಪನಿಯ ಹಳೇ ಸ್ಪೋರ್ಟ್ಸ್ ಕಾರು, ಗಟ್ಟಿ ಛಾವಣಿ ಇರೋದು. ಕವೆಂಟ್ರಿ ಹತ್ರ ಒಬ್ಬರ ಕೊಟ್ಟಿಗೆಯಲ್ಲಿ ಹನ್ನೊಂದು ವರ್ಷ ನಿಂತಿತ್ತು. ಎಂಜಿನ್ ತಿರುಗುತ್ತೆ. ಸಿಲ್ (ಬಾಗಿಲ ಕೆಳಗೆ ಉದ್ದಕ್ಕೂ ಇರೋ ತಗಡಿನ ಭಾಗ) ಎರಡೂ ಕಡೆ ತುಕ್ಕು ತಿಂದಿದೆ. ಹೇಗೂ ಪೂರ್ತಿ ಬಿಚ್ಚಲೇಬೇಕು, ವಾಪಸ್ ಜೋಡಿಸುವಾಗ ಹಗುರ ಮಾಡಿ ಜೋಡಿಸೋಣ ಅಂತ ಆಸೆ.

ಕಾರಣ ಏನಂದ್ರೆ, ಹೋದ ಬೇಸಿಗೇಲಿ ಶೆಲ್‌ಸ್ಲಿ ವಾಲ್ಶ್‌ಗೆ ಹೋಗಿದ್ದೆ. ಗುಡ್ಡ ಹತ್ತೋ ರೇಸು, 1905ರಿಂದ ಅದೇ ಜಾಗದಲ್ಲಿ ನಡೀತಿದೆ. ಇಡೀ ಓಟ ಒಂದು ಸಾವಿರ ಗಜ, ಅಷ್ಟೇ. ಅವತ್ತಿಂದ ತಲೇಲಿ ಹುಳ ಬಿದ್ದಿದೆ.

ಬಿಚ್ಚೋ ಮುಂಚೆ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿಸ್ದೆ: 1,120 ಕಿಲೋ! ಮೊದಮೊದಲ ಓಪನ್ (ಛಾವಣಿ ಇಲ್ಲದ) ಎಂಜಿಬಿ 920 ಕಿಲೋ ಆಸುಪಾಸು ಇತ್ತು. ನನ್ನ ಲೆಕ್ಕ ಹೀಗಿದೆ: ಬಾನೆಟ್, ಮುಂದಿನ ಮಡ್‌ಗಾರ್ಡ್, ಹಿಂದಿನ ಬಾಗಿಲು ಎಲ್ಲ ಫೈಬರ್, ಗಾಜೆಲ್ಲ ತೆಗೆದು ಪಾಲಿಕಾರ್ಬೊನೇಟ್, ಬ್ಯಾಟರಿ ಲಿಥಿಯಂ, ವೈರ್ ವೀಲ್ ಬದಲು ಅಲಾಯ್. 950ಕ್ಕೆ ಇಳಿಯುತ್ತಾ? ಅನುಭವ ಇರೋರು ಹೇಳಿ.

ಸ್ಪ್ಯಾನರ್‌ಸೀನ
ಟ್ಯಾಂಕ್‌ನಲ್ಲಿ ಪೆಟ್ರೋಲ್ ಎಷ್ಟಿತ್ತು?

ದಾವಣಗೆರೆ_ಟು_ಕವೆಂಟ್ರಿ
ಕಾಲು ಭಾಗ ಇರಬಹುದು ಸರ್. ಯಾಕೆ?

ಸ್ಪ್ಯಾನರ್‌ಸೀನ
ಯಾಕಂದ್ರೆ ಆ ಟ್ಯಾಂಕ್ ತುಂಬಿದ್ರೆ ಪೆಟ್ರೋಲೇ 40 ಕಿಲೋ ಹತ್ರ ತೂಗತ್ತೆ. ಮುಂದಿನ ಸಲ ಬರೀ ಟ್ಯಾಂಕ್‌ನಲ್ಲಿ ತೂಗಿಸಿ "ನೋಡಿ, 10 ಕಿಲೋ ಇಳಿಸ್ದೆ" ಅಂತ ನೀವೇ ಬಂದು ಬರೀತೀರ. ಇನ್ನೊಂದು, ಲಾರಿ ತೂಗೋ ವೇಬ್ರಿಡ್ಜು 20 ಕಿಲೋ ಮೆಟ್ಟಿಲಲ್ಲಿ ಅಂಕಿ ತೋರಿಸತ್ತೆ. ಅದರಲ್ಲಿ ಬಾನೆಟ್ಟಿನ ಏಳೆಂಟು ಕಿಲೋ ಕಾಣೋದೇ ಇಲ್ಲ. ತೆಗೆದ ಪ್ರತಿ ಸಾಮಾನನ್ನೂ ಬೇರೆಬೇರೆ ತೂಗಿ ಬರೆದಿಡಿ. ಬಾತ್‌ರೂಮ್ ತಕ್ಕಡಿ ಸಾಕು. ಮೊದಲು ನೀವು ನಿಂತ್ಕೊಂಡು ನೋಡಿ, ಆಮೇಲೆ ಸಾಮಾನು ಹಿಡ್ಕೊಂಡು ನಿಂತ್ಕೊಳ್ಳಿ, ಕಳೀರಿ.

ಧಾರವಾಡ್‌ಪೇಡಾ
ಸಾಹೇಬ್ರ, ಆ ತಕ್ಕಡಿ ಮ್ಯಾಲೆ ನೀವ್ ಒಬ್ರ ನಿಂತಾಗ ಎಷ್ಟ್ ತೋರಸ್ತದ ಅದನ್ನೂ ಇಲ್ಲೆ ಬರೀರಲ್ಲ. ಕೆಲವೊಮ್ಮಿ ಪುಕ್ಕಟೆ ಇಳಸೂ ತೂಕ ಅಲ್ಲೇ ಇರ್ತದ. 😄

ದಾವಣಗೆರೆ_ಟು_ಕವೆಂಟ್ರಿ
ಬೆಣ್ಣೆ ದೋಸೆ ಊರಿನವನ್ರೀ ನಾನು. ಆ ಪ್ರಶ್ನೆ ಕೇಳಬಾರದು.

ಹಳೇಕಾರ್‌ಹುಚ್ಚ
ಗುರು, ಬೇಜಾರ್ ಮಾಡ್ಕೋಬೇಡ. ಐವತ್ತು ವರ್ಷ ಬದುಕಿರೋ ಗಾಡಿಗೆ ಪ್ಲಾಸ್ಟಿಕ್ ಗಾಜು, ಫೈಬರ್ ಮಡ್‌ಗಾರ್ಡ್ ಹಾಕೋದನ್ನ ರೆಸ್ಟೋರೇಷನ್ ಅನ್ನಬೇಡ. ಅದರ ಹೆಸರು ಮಾಡಿಫಿಕೇಷನ್. ಅಬಿಂಗ್ಡನ್‌ನ ಎಂಜಿ ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ನಿಲ್ಲಿಸು. ರೇಸ್ ಆಡೋ ಆಸೆ ಇದ್ರೆ ಬೇರೆ ಗಾಡಿ ತಗೋ.

ಸ್ಪ್ಯಾನರ್‌ಸೀನ
@ಹಳೇಕಾರ್‌ಹುಚ್ಚ ಸ್ವಾಮಿ, ಅಬಿಂಗ್ಡನ್‌ನಿಂದ ಮೊದಮೊದಲು ಹೇಗೆ ಬಂತು ಅಂತ ಗೊತ್ತಾ? 1962ರಲ್ಲಿ ಎಂಜಿಬಿ ಬಾನೆಟ್ಟು ಅಲ್ಯೂಮಿನಿಯಂ! ಸ್ಟೀಲ್ ಮಾಡಿದ್ದು 70ರ ಆಸುಪಾಸಿಗೆ. ಅವನ 71ರ ಗಾಡಿಗೆ ಹಳೇ ಅಲ್ಯೂಮಿನಿಯಂ ಬಾನೆಟ್ ಹಾಕಿದ್ರೆ ತೂಕವೂ ಇಳೀತು, ಎಂಜಿಬಿ ಎಂಜಿಬಿಯಾಗೇ ಉಳೀತು. ಫೈಬರ್ ಯಾಕೆ ಬೇಕು? ಇನ್ನು ಕಾರ್ಖಾನೆಯವರೇ ತೂಕ ಇಳಿಸ್ತಿದ್ರು. 1968ರ ಸೆಬ್ರಿಂಗ್ 12 ಗಂಟೆ ರೇಸಿಗೆ ಎಂಜಿಬಿಯ ಅಣ್ಣ ಎಂಜಿಸಿಯ ರೇಸ್ ಗಾಡಿ, ಎಂಜಿಸಿ ಜಿಟಿಎಸ್ ಹೋಗಿತ್ತಲ್ಲ, ಅದಕ್ಕೆ ಮೈತುಂಬ ಅಲ್ಯೂಮಿನಿಯಂ ತಗಡು. ಒಟ್ಟಾರೆ ಹತ್ತನೇ ಸ್ಥಾನ ಬಂತು.

ಹಳೇಕಾರ್‌ಹುಚ್ಚ
ಬಾನೆಟ್ ವಿಷಯ ಒಪ್ಪಿದೆ. ಪ್ಲಾಸ್ಟಿಕ್ ಗಾಜು ಒಪ್ಪಲ್ಲ.

ಸ್ಟುಟ್‌ಗಾರ್ಟ್‌ಶೆಟ್ರು
ಎಂಜಿಸಿ ಹೆಸರು ಬಂತಲ್ಲ, ಅದರ ಕಥೆಯನ್ನೇ ಹೇಳ್ತೇನೆ. ಎಂಜಿಬಿಯ ಮೂತಿಗೆ 2,912 ಸಿಸಿ ಆರು ಸಿಲಿಂಡರಿನ ಕಬ್ಬಿಣದ ಎಂಜಿನ್ ತುರುಕಿದ್ರು. ನಾಲ್ಕು ಸಿಲಿಂಡರಿನದ್ದಕ್ಕಿಂತ ನೂರು ಕಿಲೋ ಹತ್ತಿರ ಜಾಸ್ತಿ, ಅದೂ ಎಲ್ಲ ಮುಂದೆ. ಪತ್ರಿಕೆಯವರು ಓಡಿಸಿ ನೋಡಿ ಮೂತಿ ಭಾರ, ತಿರುವಿನಲ್ಲಿ ಕೇಳೋದಿಲ್ಲ ಅಂತ ಬರೆದ್ರು. 1967ರಲ್ಲಿ ಬಂದದ್ದು 69ಕ್ಕೆ ಮುಗೀತು. ಆಮೇಲೆ 1973ರಲ್ಲಿ ಅದೇ ಜಿಟಿಗೆ ರೋವರಿನ ಮೂರೂವರೆ ಲೀಟರ್ ವಿ8 ಹಾಕಿದ್ರು. ಅದು ಅಲ್ಯೂಮಿನಿಯಂ, ಹಾಗಾಗಿ ಎಂಟು ಸಿಲಿಂಡರ್ ಇದ್ದೂ ತೂಕ ಹಳೇ ನಾಲ್ಕು ಸಿಲಿಂಡರಿನಷ್ಟೇ, ಹೆಚ್ಚುಕಡಿಮೆ. ಮೂತಿ ಸರಿಯಾಯ್ತು.

ಎಷ್ಟು ಕಿಲೋ ತೆಗೆದ್ರಿ ಅಂತ ಕೇಳುವ ಮೊದಲು ಎಲ್ಲಿಂದ ತೆಗೆದ್ರಿ ಅಂತ ಕೇಳ್ಬೇಕು. ಕಾವಡಿ ಹೊತ್ತವ ಗಕ್ಕನೆ ತಿರುಗೋದು ನೋಡಿದ್ದೀರಾ? ಆಗೋದಿಲ್ಲ, ಎರಡು ತುದಿಯ ಕೊಡ ಅವನನ್ನೇ ಎಳೆದುಕೊಂಡು ಹೋಗ್ತದೆ. ಅದೇ ಕೊಡ ಸೊಂಟಕ್ಕೆ ಅವುಚಿಕೊಂಡ್ರೆ ಸುಲಭ. ಕಾರೂ ಹಾಗೇ. ಬಂಪರ್, ಸ್ಟೆಪ್ನಿ, ಬಾನೆಟ್ಟಿನ ಮುಂಭಾಗ, ಹಿಂದಿನ ಬಾಗಿಲು ಇವೆಲ್ಲ ಕಾವಡಿಯ ತುದಿಗಳು. ಅಲ್ಲಿಂದ ತೆಗೆದ ಒಂದೊಂದು ಕಿಲೋ ತಿರುವಿನಲ್ಲಿ ಗೊತ್ತಾಗ್ತದೆ. ಎತ್ತರದ್ದೂ ಹಾಗೇ, ಮಾಡಿನ ಹತ್ತಿರದ ತೂಕ ನೆಲದ ಹತ್ತಿರದ್ದಕ್ಕಿಂತ ಕೆಟ್ಟದ್ದು.

ಎಲ್ಲಕ್ಕಿಂತ ಕೆಟ್ಟದ್ದು ಸ್ಪ್ರಿಂಗಿನ ಕೆಳಗಿರುವ ತೂಕ. ಟೈರ್, ವೀಲ್, ಬ್ರೇಕು. ಹಾಗಾಗಿ ನಿಮ್ಮ ಪಟ್ಟಿಯಲ್ಲಿ ನಾಲ್ಕನೆಯದಾಗಿ ಬರೆದಿದ್ದೀರಲ್ಲ ಅಲಾಯ್ ವೀಲ್, ಅದನ್ನು ಒಂದನೆಯದು ಮಾಡಿ.

ಜಯನಗರ_ನಾಲ್ಕನೇಬ್ಲಾಕ್
ಶೆಟ್ರೇ, ಸ್ಟುಟ್‌ಗಾರ್ಟ್‌ನಲ್ಲಿದ್ದು ಪೋರ್ಷೆ ಬಿಟ್ಟು ಇಂಗ್ಲಿಷ್ ಗಾಡಿ ಕಥೆ ಹೇಳ್ತಿದೀರಲ್ಲ 🙏

ಸ್ಟುಟ್‌ಗಾರ್ಟ್‌ಶೆಟ್ರು
ಕೇಳಿದ್ರಿ ಅಂತ ಹೇಳ್ತೇನೆ ಮಾರಾಯ್ರೆ. 1973ರ ಕರೆರಾ ಆರ್‌ಎಸ್ 2.7. ಅದರಲ್ಲಿ ಎರಡು ಬಗೆ. ಟೂರಿಂಗ್ 1,075 ಕಿಲೋ, ಲೈಟ್‌ವೇಟ್ 960. ಒಟ್ಟು 1,580 ಗಾಡಿಯಲ್ಲಿ ಲೈಟ್‌ವೇಟ್ ಬರೀ 200. ಆ 115 ಕಿಲೋ ಎಲ್ಲಿಗೆ ಹೋಯ್ತು ಅಂದ್ರೆ ಒಂದೇ ಒಂದು ದೊಡ್ಡ ಸಾಮಾನು ತೋರಿಸ್ಲಿಕ್ಕೆ ಆಗೋದಿಲ್ಲ. ತೆಳು ತಗಡು, ತೆಳು ಗಾಜು. ಗಡಿಯಾರ ಇಲ್ಲ. ಹಿಂದಿನ ಸೀಟು ಇಲ್ಲ. ಸದ್ದು ತಡೆಯುವ ಹಾಸು ಇಲ್ಲ. ಒಳಗಿಂದ ಬಾಗಿಲು ಎಳೆಯಲು ಹಿಡಿಕೆಯ ಬದಲು ಒಂದು ಪಟ್ಟಿ. ಹನಿ ಹನಿ ಕೂಡಿದ್ರೆ ಹಳ್ಳ ಅಂತಾರಲ್ಲ, ಅಲ್ಲಿ ಹಳ್ಳವನ್ನು ಹನಿ ಹನಿಯಾಗಿ ಬತ್ತಿಸಿದ್ರು.

917 ರೇಸ್ ಗಾಡಿಯಲ್ಲಂತೂ ಗೇರ್ ಲಿವರಿನ ಗುಂಡು ಬಾಲ್ಸಾ ಮರದ್ದು. ನಾಲ್ಕು ಗ್ರಾಂ ಬಿಡ್ಲಿಕ್ಕೂ ಅವರಿಗೆ ಮನಸ್ಸಿರ್ಲಿಲ್ಲ.

ಧಾರವಾಡ್‌ಪೇಡಾ
ನಮ್ಮ ಕಾಕಾನ ಲೂನಾಕ್ಕ ಹ್ಯಾಂಡಲ್ ಗ್ರಿಪ್ಪೂ ಇದ್ದಿದ್ದಿಲ್ಲ. ಅಂವಾ ಪೋರ್ಷೆದವರಕ್ಕಿಂತ ಮುಂದಿದ್ದ.

ಕಾಫಿತೋಟ
ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ಚಿಕ್ಕಮಗಳೂರು ಕಡೆಯವನು. ಅಜ್ಜನ ಕಾಲದ ಒಂದು ಎಂಜಿ ಟಿಡಿ ಇದೆ ನಮ್ಮಲ್ಲಿ, 1951ರದ್ದು. ಟಿಡಿ ಗೊತ್ತಿರೋರಿಗೆ ಗೊತ್ತು, ಅದರ ಬಾಡಿ ಒಳಗೆ ಆ್ಯಶ್ ಮರದ ಚೌಕಟ್ಟು, ಅದರ ಮೇಲೆ ತಗಡು. ನಮ್ಮ ಮಲೆನಾಡಿನ ಮಳೆ, ಗೆದ್ದಲು ಎರಡೂ ಸೇರಿ ಮರ ಪುಡಿಯಾಗಿತ್ತು. ತೊಂಬತ್ತರ ದಶಕದಲ್ಲಿ ಅಪ್ಪ ರಿಪೇರಿ ಮಾಡಿಸಿದ್ರು. ಇಂಗ್ಲೆಂಡಿನ ಮರ ಎಲ್ಲಿಂದ ತರೋದು? ನಮ್ಮ ಊರಿನ ಆಚಾರ್ರು ಮತ್ತಿ ಮರದಲ್ಲಿ ಅಚ್ಚುಕಟ್ಟಾಗಿ ಕೆತ್ತಿ ಕೂರಿಸಿದ್ರು. "ಅಯ್ಯಾ, ಇನ್ನು ನೂರು ವರ್ಷ ಅಲ್ಲಾಡಲ್ಲ" ಅಂದ್ರಂತೆ. ನಿಜವೇ, ಅಲ್ಲಾಡಿಲ್ಲ. ಆದ್ರೆ ಮತ್ತಿ ಎಂಥಾ ಮರ ಅಂತ ಗೊತ್ತಲ್ಲ, ನೀರಿಗೆ ಹಾಕಿದ್ರೆ ಮುಳುಗೋಕೆ ರೆಡಿ. ಬಾಗಿಲು ತೆಗೆದ್ರೆ ಹಿಂಜ್ ಜೋತುಬೀಳತ್ತೆ. 1,250 ಸಿಸಿ ಎಂಜಿನ್ನು ಚಾರ್ಮಾಡಿ ಹತ್ತೋವಾಗ ಅಳತ್ತೆ.

ಈಗ ನಾನು ತೂಕ ಇಳಿಸಬೇಕಾ, ಅಥವಾ ಆಚಾರ್ರ ಕೆಲಸ ಹಾಗೇ ಉಳಿಸಬೇಕಾ? ಅವರು ಈಗಿಲ್ಲ. ಒಂದು ಮೊಳೆ ಇಲ್ಲದೆ ಮಾಡಿದ ಜೋಡಣೆ ಅದು.

ಹಳೇಕಾರ್‌ಹುಚ್ಚ
ಮುಟ್ಟಬೇಡಿ ಸರ್. ಆ ಗಾಡಿಯ ಕಥೆಯೇ ಅದು.

ಸ್ಪ್ಯಾನರ್‌ಸೀನ
ಮೊದಲ ಸಲ ಹುಚ್ಚನ ಮಾತು ಒಪ್ತೀನಿ. ಬಾಗಿಲಿನ ಹಿಂಜ್ ಪಿನ್ ಮಾತ್ರ ಬದಲಾಯಿಸಿ, ಸವೆದಿರತ್ತೆ.

ಜಯನಗರ_ನಾಲ್ಕನೇಬ್ಲಾಕ್
ಕಾಫಿತೋಟ ಸರ್, ಇನ್ನೊಂದು ವಿಷಯ. 2021ರ ವಿಂಟೇಜ್ ನಿಯಮದಲ್ಲಿ "ವಿಎ" ನಂಬರ್ ತಗೋಬೇಕು ಅಂದ್ರೆ ಗಾಡಿಗೆ ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಮೊದಲ ಫೀಸು 20,000, ಹತ್ತು ವರ್ಷಕ್ಕೆ. ಹಾಗಾಗಿ ಹಗುರ ಮಾಡೋ ಹುಮ್ಮಸ್ಸಲ್ಲಿ ಬಾಡಿ ಕತ್ತರಿಸಬೇಡಿ. ಇಂಗ್ಲೆಂಡಲ್ಲಿ ಹೇಗಪ್ಪ?

ದಾವಣಗೆರೆ_ಟು_ಕವೆಂಟ್ರಿ
ಇಲ್ಲೂ ಸುಮಾರು ಹಾಗೇ ಸರ್. ನಲವತ್ತು ವರ್ಷ ದಾಟಿದ ಗಾಡಿಗೆ ರಸ್ತೆ ತೆರಿಗೆ ಇಲ್ಲ, ವರ್ಷಾವರ್ಷದ ಎಂಒಟಿ ತಪಾಸಣೆಯೂ ಕಡ್ಡಾಯ ಅಲ್ಲ. ಆದ್ರೆ ಮೊನೊಕಾಕ್ (ಚಾಸಿ, ಬಾಡಿ ಒಂದೇ ಆಗಿರೋ ಗೂಡು), ಆ್ಯಕ್ಸಲ್, ಎಂಜಿನ್ ಇವುಗಳಲ್ಲಿ ಭಾರಿ ಬದಲಾವಣೆ ಆಗಿದ್ರೆ ತಪಾಸಣೆಯ ವಿನಾಯಿತಿ ಹೋಗತ್ತೆ. ಬಾನೆಟ್ಟು, ವೀಲು ಬದಲಾಯಿಸಿದ್ರೆ ಯಾರೂ ಕೇಳಲ್ಲ.

ಕರಾವಳಿ_ಮಾಣಿ
ಸಿಲ್ಲಿಗೆ, ಬ್ರಾಕೆಟ್ಟಿಗೆ, ಒಳಗಿನ ಪ್ಯಾನೆಲ್ಲಿಗೆ ಎಲ್ಲ ಹೋಲ್‌ಸಾ ಹಾಕಿ ಇಡ್ಲಿ ತಟ್ಟೆ ಥರ ತೂತು ಮಾಡಿ. ಹಳೇ ರೇಸ್ ಗಾಡಿಗಳಲ್ಲಿ ನೋಡಿದ್ದೇನೆ. ಒಂದು ರೂಪಾಯಿ ಖರ್ಚಿಲ್ಲ.

ಸ್ಪ್ಯಾನರ್‌ಸೀನ
ಅಯ್ಯೋ ಬೇಡ!! ಎಂಜಿಬಿಗೆ ಬೇರೆ ಚಾಸಿ ಇಲ್ಲಪ್ಪ. ಸಿಲ್ಲೇ ಅದರ ಬೆನ್ನುಮೂಳೆ. ಹೊರಗಿನ ಸಿಲ್, ಒಳಗಿನ ಸಿಲ್, ಎರಡರ ಮಧ್ಯೆ ಒಂದು ತಗಡು, ಕೆಳಗೆ ಕ್ಯಾಸಲ್ ರೈಲ್ ಅನ್ನೋ ಮಡಚಿದ ತಗಡಿನ ಪಟ್ಟಿ. ನಾಲ್ಕೂ ಸೇರಿ ಪೆಟ್ಟಿಗೆ ಆದಾಗ ಮಾತ್ರ ಗಟ್ಟಿ. ತುಕ್ಕು ಹಿಡಿದ ಗಾಡಿಯನ್ನ ಜ್ಯಾಕ್ ಮೇಲೆ ಎತ್ತಿದಾಗ ಬಾಗಿಲು ಮುಚ್ಚೋಕೆ ಬರಲ್ಲ, ಯಾಕೆ ಅಂದ್ಕೊಂಡಿದೀರ? ನಡು ಬಗ್ಗಿರತ್ತೆ. ಅಲ್ಲಿ ತೂತು ಹೊಡೆದು ಉಳಿಸೋದು ಮುನ್ನೂರು ಗ್ರಾಂ.

ಅಲ್ಲಿ ತೂಕ *ಹಾಕಬೇಕು*. ಸಿಲ್ ಸರಿಯಾದ ಗೇಜಿನ ತಗಡಲ್ಲಿ ಮಾಡಿಸಿ. ಬೆಸುಗೆ ಹಾಕೋ ಮುಂಚೆ ಬಾಗಿಲು ಹಾಕ್ಕೊಂಡು ಸಂದು ನೋಡ್ಕೊಳ್ಳಿ, ಆಮೇಲೆ ಅಳಬೇಡಿ.

ಕರಾವಳಿ_ಮಾಣಿ
ಆಯ್ತು ಮಾರಾಯ್ರೆ, ಹೊಡೀಬೇಡಿ. ಇಡ್ಲಿ ತಟ್ಟೆ ವಾಪಸ್.

ಸ್ಪ್ಯಾನರ್‌ಸೀನ
ತೂತು ಹೊಡೆಯೋ ಚಪಲ ಇದ್ರೆ ಕೈಯಿಟ್ಟು ನೋಡೋ ಜಾಗ ಬೇರೆ ಇವೆ. ಹಳೇ ಸ್ಟಾರ್ಟರ್ ಮೋಟರ್ ಎತ್ತಿ ನೋಡಿದೀರಾ, ರುಬ್ಬುಗುಂಡು! ಈಗಿನ ಗೇರಿನ ಸ್ಟಾರ್ಟರ್ ಅದರ ಅರ್ಧ ತೂಕ, ತಿರುಗೋದೂ ಜೋರು. ಸೀಟಿನ ಹಿಂದೆ ನೆಲದಡಿ ಎರಡು 6 ವೋಲ್ಟಿನ ಬ್ಯಾಟರಿ ಇರತ್ತೆ, ಅವೆರಡು ತೆಗೆದು ಒಂದೇ 12 ವೋಲ್ಟಿಂದು ಹಾಕಿ. ಲಿಥಿಯಂ ಹಾಕೋ ಮುಂಚೆ ಆಲ್ಟರ್ನೇಟರ್ ಎಷ್ಟು ವೋಲ್ಟ್ ಬಿಡ್ತಿದೆ ಅಂತ ಮೀಟರ್ ಹಿಡಿದು ನೋಡಿ, ಹಳೇ ರೆಗ್ಯುಲೇಟರ್ ನಂಬಬೇಡಿ. ಸಿಲಿಂಡರ್ ಹೆಡ್ ಅಲ್ಯೂಮಿನಿಯಂದು ಸಿಗತ್ತೆ, ಹತ್ತು ಕಿಲೋ ಆಸುಪಾಸು ಉಳಿಯತ್ತೆ, ಅದೂ ಮೂತಿಯಿಂದ. ದುಡ್ಡು ಮಾತ್ರ ಕೇಳಬೇಡಿ.

ಫ್ಲೈವೀಲ್ (ಎಂಜಿನ್ ಜೊತೆ ತಿರುಗೋ ಭಾರದ ಚಕ್ರ) ತೂಕ ಇಳಿಸಿದ್ರೆ ಎಂಜಿನ್ ಚಕಚಕ ಏರತ್ತೆ, ಆದ್ರೆ ಅದನ್ನ ಸಿಕ್ಕ ಸಿಕ್ಕ ಲೇತ್‌ನವರಿಗೆ ಕೊಡಬೇಡಿ. ತೆಳುವಾಗಬಾರದ ಕಡೆ ತೆಳು ಮಾಡಿದ್ರೆ, ಬ್ಯಾಲೆನ್ಸ್ ಮಾಡದೆ ಹಾಕಿದ್ರೆ, ಆರು ಸಾವಿರ ಆರ್‌ಪಿಎಮ್‌ನಲ್ಲಿ ಅದು ಒಡೆದು ನಿಮ್ಮ ಕಾಲ ಹತ್ರಾನೇ ಬರತ್ತೆ.

ಗಾಜಿನ ವಿಷಯ: ಮುಂದಿನ ಗಾಜು ಮುಟ್ಟಬೇಡಿ. ಪಾಲಿಕಾರ್ಬೊನೇಟ್ ಮೇಲೆ ವೈಪರ್ ಆಡಿದ್ರೆ ಒಂದೇ ಚಳಿಗಾಲಕ್ಕೆ ಗೀರು, ರಾತ್ರಿ ಎದುರು ಲೈಟಿಗೆ ಏನೂ ಕಾಣಲ್ಲ. ಹಿಂದಿನ ಬಾಗಿಲಿನ ದೊಡ್ಡ ಗಾಜು ಬೇಕಾದ್ರೆ ಯೋಚಿಸಿ. ಅದು ಎತ್ತರದಲ್ಲಿದೆ, ತುದೀಲಿದೆ. ಶೆಟ್ರ ಕಾವಡಿ.

ದಾವಣಗೆರೆ_ಟು_ಕವೆಂಟ್ರಿ
ಅಪ್‌ಡೇಟ್. ಕಾರ್ಪೆಟ್ ಕಿತ್ತೆ. ಅದರಡಿ ಟಾರಿನ ಹಾಸು, ಸದ್ದು ತಡೆಯೋಕೆ ಅಂಟಿಸಿರೋದು. ಐವತ್ತು ವರ್ಷಕ್ಕೆ ಕಲ್ಲಾಗಿದೆ. ಉಳಿ ತಗೊಂಡು ಎರಡು ಗಂಟೆ ಕುಕ್ಕಿದ್ದಕ್ಕೆ ಅಂಗೈಯಷ್ಟು ಬಂತು. ಬೇರೆ ದಾರಿ ಇದೆಯಾ?

ಸ್ಟುಟ್‌ಗಾರ್ಟ್‌ಶೆಟ್ರು
ಡ್ರೈ ಐಸ್. ಮೈನಸ್ 78 ಡಿಗ್ರಿ ಇರ್ತದೆ. ಪುಡಿ ಮಾಡಿ ಹಾಸಿನ ಮೇಲೆ ಹರವಿ ಹತ್ತು ನಿಮಿಷ ಬಿಡಿ. ಟಾರು ಹಪ್ಪಳದ ಹಾಗೆ ಆಗ್ತದೆ. ಕೊಡತಿಯಲ್ಲಿ ಮೆಲ್ಲಗೆ ತಟ್ಟಿದ್ರೆ ಸಾಕು. ದಪ್ಪ ಕೈಗವಸು ಹಾಕ್ಕೊಳ್ಳಿ. ಗ್ಯಾರೇಜಿನ ಬಾಗಿಲು ತೆರೆದೇ ಇಡಿ. ಅದು ಆವಿಯಾಗುವಾಗ ಬರೋದು ಕಾರ್ಬನ್ ಡೈಆಕ್ಸೈಡು, ನೆಲದ ಹತ್ರ ತುಂಬ್ತದೆ, ನೀವೂ ಅಲ್ಲೇ ಮಲಗಿ ಕೆಲಸ ಮಾಡ್ತಿರ್ತೀರಿ. ನಿಂತ ಗೋಡೆಗಳ ಮೇಲಿನ ಹಾಸಿಗೆ ಐಸ್ ನಿಲ್ಲೋದಿಲ್ಲ, ಅಲ್ಲಿಗೆ ಹೀಟ್ ಗನ್, ಕರಣೆ.

ದಾವಣಗೆರೆ_ಟು_ಕವೆಂಟ್ರಿ
ಶೆಟ್ರೇ ನಿಮ್ಮ ಕಾಲಿಗೆ ಬಿದ್ದೆ. ಐಸ್ ಹರವಿ ಟೀ ಕುಡಿಯೋಕೆ ಹೋದೆ. ಒಳಗಿಂದ ಟಪ್, ಟಪ್ ಅಂತ ಸದ್ದು. ಬಂದು ನೋಡಿದ್ರೆ ಹಾಸು ತಾನಾಗೇ ಬಿರುಕು ಬಿಡ್ತಾ ಇದೆ. ಕೊಡತಿ ಮುಟ್ಟಿಸಿದ್ದೇ ತಡ, ಚಿಕ್ಕಿ ಮುರಿದ ಹಾಗೆ ಹಲ್ಲೆ ಹಲ್ಲೆಯಾಗಿ ಎದ್ದು ಬಂತು. ಅಡಿಯಲ್ಲಿ ಮೂಲ ಬಣ್ಣ ಫಳಫಳ! 71ರಲ್ಲಿ ಬಳಿದ ಹಸಿರು. ಬಕೆಟ್‌ಗೆ ತುಂಬಿ ತೂಗಿದೆ, 9 ಕಿಲೋ.

ದಾವಣಗೆರೆ_ಟು_ಕವೆಂಟ್ರಿ
ಇನ್ನೊಂದು. ಬಲಗಡೆ ಸಿಲ್ ಕತ್ತರಿಸಿದೆ. ಹೊರಗಡೆ ಒಂದು ಸಿಲ್, ಅದರಡಿ ಇನ್ನೊಂದು ಸಿಲ್, ಅದರಡಿ ತುಕ್ಕು ಹಿಡಿದ ಅಸಲಿ ಸಿಲ್. ಹಿಂದೆ ಯಾರೋ ಪುಣ್ಯಾತ್ಮ ಹಳೇದು ತೆಗೀದೆ ಮೇಲೆ ಮೇಲೆ ಬೆಸುಗೆ ಹಾಕಿದಾನೆ. ಒಳಗೆ ಬಿಲ್ಡಿಂಗ್‌ಗೆ ಹೊಡೆಯೋ ಫೋಮ್ ತುಂಬಿದಾನೆ, ಅದು ನೀರು ಕುಡಿದು ಸ್ಪಂಜಾಗಿದೆ, ಹಿಂಡಿದ್ರೆ ಕೆಂಪು ನೀರು. ಹಿಂದಿನ ಮಡ್‌ಗಾರ್ಡ್ ಮೇಲೆ ಮ್ಯಾಗ್ನೆಟ್ ಇಟ್ರೆ ಜಾರಿ ಬೀಳತ್ತೆ. ಹೆಬ್ಬೆಟ್ಟು ದಪ್ಪ ಪುಟ್ಟಿ. ಕೆಳಗೆ ಕ್ಯಾರವಾನ್ ಎಳೆಯೋ ಟೋ ಬಾರ್ ಬೇರೆ, 13 ಕಿಲೋ. ಹಿಂದಿನ ಸೀಟಿನ ಜಾಗದಲ್ಲಿ ಸ್ಪೀಕರ್ ಪೆಟ್ಟಿಗೆ, ಆಂಪ್ಲಿಫೈಯರ್: 16.

ಇವೆಲ್ಲ ಸೇರಿ 62 ಕಿಲೋ. ಇನ್ನೂ ಒಂದೂ ಹೊಸ ಸಾಮಾನು ತಂದಿಲ್ಲ!

ಹಳೇಕಾರ್‌ಹುಚ್ಚ
ನೋಡ್ದಾ? ಅಬಿಂಗ್ಡನ್‌ನೋರು ಕೊಟ್ಟಿದ್ದು ಹಗುರವಾಗೇ ಇತ್ತು.

ಧಾರವಾಡ್‌ಪೇಡಾ
ಕ್ಯಾರವಾನ್ ಎಳದದ್ ಗಾಡಿ ಗುಡ್ಡಾ ಹತ್ತೂದ ಅಂದ್ರ ರಿಟೈರ್ ಆದ ಎತ್ತಿಗೆ ಕಂಬಳಾ ಓಡಸ್ದಂಗ ಆತು.

ಕರಾವಳಿ_ಮಾಣಿ
ಕಂಬಳಕ್ಕೆ ಎತ್ತಲ್ಲ ಮಾರಾಯ್ರೆ, ಕೋಣ! ಕೋಣ!

ಜಯನಗರ_ನಾಲ್ಕನೇಬ್ಲಾಕ್
ಹಗುರ ಗಾಡಿ ಅಂದಾಗ ನಮ್ಮ ಬೆಂಗಳೂರಿಂದೇ ಒಂದಿದೆ, ಯಾರೂ ನೆನೆಸಿಕೊಳ್ಳಲ್ಲ. ಸಿಪಾನಿ ಡಾಲ್ಫಿನ್. ಎಂಬತ್ತರ ದಶಕ. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅನ್ನೋ ಕಾರೇ ಅದು, 848 ಸಿಸಿ ಅಲ್ಯೂಮಿನಿಯಂ ಎಂಜಿನ್, ಮೈಯೆಲ್ಲ ಫೈಬರ್. ಸ್ಪೋರ್ಟ್ಸ್ ಕಾರೇನಲ್ಲ, ಆದ್ರೆ ಶೋಲಾವರಂ ರೇಸಲ್ಲಿ ಫಿಯಟ್‌ಗಳ ಜೊತೆ ಓಡ್ತಿತ್ತು. ನಮ್ಮ ದೊಡ್ಡಪ್ಪ ಇಟ್ಕೊಂಡಿದ್ರು. ಮದ್ದೂರು ಹತ್ರ ಒಂದ್ಸಲ ಗದ್ದೆಗೆ ಇಳಿಸಿಬಿಟ್ರು. ಬಸ್ಸಿಂದ ಇಳಿದ ಐದಾರು ಜನ "ಏಳ್ರಪ್ಪೋ" ಅಂತ ಎತ್ತಿ ರಸ್ತೆ ಮೇಲಿಟ್ಟು ಹೋದ್ರು. ಟೋಯಿಂಗ್ ಖರ್ಚು ಅಂದ್ರೆ ಆರು ಎಳನೀರು.

ಹಳೇಕಾರ್‌ಹುಚ್ಚ
ಡಾಲ್ಫಿನ್‌ಗೆ ಬೇರೆ ಥ್ರೆಡ್ ತೆಗೀರಿ ಸರ್, ಇಲ್ಲಿ ವಿಷಯ ತಪ್ಪತ್ತೆ. (ಫೋಟೋ ಇದ್ರೆ ಇಲ್ಲೇ ಹಾಕಿ.)

ದಾವಣಗೆರೆ_ಟು_ಕವೆಂಟ್ರಿ
ಏಳು ತಿಂಗಳಾಯ್ತು, ಮರೆತಿಲ್ಲ. ಸಿಲ್ ಎರಡೂ ಹೊಸದು. ಬ್ರೈಟನ್ ಹತ್ರ ಒಬ್ಬರ ಬಳಿ ಹಳೇ ಅಲ್ಯೂಮಿನಿಯಂ ಬಾನೆಟ್ ಸಿಕ್ತು, ನನ್ನ ಸ್ಟೀಲಿನದ್ದಕ್ಕಿಂತ 8 ಕಿಲೋ ಕಮ್ಮಿ, ಒಂದು ಕೈಲಿ ಎತ್ತಬಹುದು. ಅಲಾಯ್ ವೀಲ್, ಗೇರ್ ಸ್ಟಾರ್ಟರ್, ಒಂದೇ ಬ್ಯಾಟರಿ. ಸ್ಟೆಪ್ನಿ ಬದಲು ಪಂಕ್ಚರ್ ಕಿಟ್. ಹಿಂದಿನ ಸೀಟು ತೆಗೆದು ಅಟ್ಟದ ಮೇಲಿಟ್ಟಿದೀನಿ, ಬೇಕಾದಾಗ ವಾಪಸ್ ಹಾಕಬಹುದು. ಗಾಜು ಎಲ್ಲಾ ಅಸಲಿ. ಫೈಬರ್ ಒಂದು ಚೂರೂ ಇಲ್ಲ. ಹುಚ್ಚಣ್ಣನಿಗೆ ಖುಷಿಯಾಗ್ಬೇಕು.

ಕಾಲು ಟ್ಯಾಂಕ್ ಪೆಟ್ರೋಲ್, ಅದೇ ವೇಬ್ರಿಡ್ಜ್: 1,000.

ಒಂದೇ ತೊಂದರೆ. ಗಾಡಿ ಈಗ ಕುಂಡೆ ಎತ್ಕೊಂಡು ನಿಂತಿದೆ, ಜೀಪ್ ಥರ ಕಾಣತ್ತೆ.

ಸ್ಪ್ಯಾನರ್‌ಸೀನ
ಮತ್ತೆ? ಹಿಂದಿಂದ ಅಷ್ಟು ಭಾರ ಇಳಿಸಿದ್ರೆ ಹಳೇ ಲೀಫ್ ಸ್ಪ್ರಿಂಗ್ ಸುಮ್ನೆ ಇರತ್ತಾ, ಹೆಗಲ ಮೇಲಿನ ಮೂಟೆ ಇಳಿಸಿದವನ ಥರ ನೆಟ್ಟಗಾಗತ್ತೆ. ಕ್ಯಾರವಾನ್ ಎಳೆಯೋಕೆ ಯಾರಾದ್ರೂ ಸ್ಪ್ರಿಂಗಿಗೆ ಎಲೆ (ಸ್ಟೀಲ್ ಪಟ್ಟಿ) ಜಾಸ್ತಿ ಹಾಕ್ಸಿದಾರಾ ಎಣಿಸಿ ನೋಡಿ. 1,000 ಅನ್ನೋದೂ 990 ಇರಬಹುದು, 1,010 ಇರಬಹುದು. 20ರ ಮೆಟ್ಟಿಲು.

ದಾವಣಗೆರೆ_ಟು_ಕವೆಂಟ್ರಿ
ಎಣಿಸಿದೆ. ಎರಡೂ ಕಡೆ ಒಂದೊಂದು ಎಲೆ ಜಾಸ್ತಿ ಇದೆ! 😭 ಅದನ್ನೂ ತೆಗೀತೀನಿ.

ಸ್ಟುಟ್‌ಗಾರ್ಟ್‌ಶೆಟ್ರು
ತೂಗಿ ಬರೀರಿ.

ಲೆಸ್ಟರ್‌ಲೋಕೇಶ
ಹೊಸಬ ಇಲ್ಲಿಗೆ. ಪೂರ್ತಿ ಓದಿದೆ, ಚೆನ್ನಾಗಿದೆ. ನನ್ನ ಹತ್ರಾನೂ ಜಿಟಿ ಇದೆ, ಬೇಸಿಗೆಗೆ ಫ್ಯಾಮಿಲಿ ಕರ್ಕೊಂಡು ವೇಲ್ಸ್ ಕಡೆ ಹೋಗೋ ಪ್ಲಾನ್. ಆ ಟೋ ಬಾರ್, ಆ ಎರಡು ಎಲೆ, ಕೊಡ್ತೀರಾ? ನಾನೇ ಬಂದು ತಗೊಂಡು ಹೋಗ್ತೀನಿ.